ಕೋರೆಹಲ್ಲಿನ ಕದನದಲ್ಲಿ ವಿರೂಪಾಕ್ಷಪ್ಪನ ನಿರ್ಗಮನಾಸ್ತ್ರ

ಎರಡರಲ್ಲಿ ಒಂದು ಮುರಿದಾಗಲೂ ಯಾವ ವೈದ್ಯನ ಬಾಗಿಲನ್ನೂ ತಟ್ಟದೆ, ಉಳಿದ ಒಂದರಲ್ಲಿಯೇ ಯುಗಯುಗಾಂತರಗಳನ್ನು ಸುಧಾರಿಸಿಕೊಂಡು ಬಂದವನೂ, ಹಲ್ಲಿನ ಸಾಲೇ ಇಲ್ಲದ್ದರಿಂದ ಸಾಲು ನೆಟ್ಟಗೆ ಮಾಡಿಸುವ ಸಾಲದಿಂದ ಪಾರಾದವನೂ ಆದ ಏಕದಂತನೇ, ಮೊದಲು ನಿನಗೆ ಕೈಮುಗಿದೆವು. ನಿನ್ನ ಇಲಿಯ ಹಲ್ಲು ಕೂಡ ತಂತಿ ಕಾಣದೆ ಬೆಳೆದದ್ದು. ಹಾಗಾಗಿ ಹೆತ್ತವರ ಈ ಬಗೆಯ ಸಂಕಟ ನಿನ್ನ ಕಿವಿಗೆ ಬಿದ್ದಿರಲಾರದು. ಆ ಕಿವಿಗಳೋ ದೊಡ್ಡವು. ಒಂದಿಷ್ಟು ಇತ್ತ ಬಾಗಿಸು.

ಹಾಲುಹಲ್ಲು ಬಿದ್ದರೆ ಮಾಳಿಗೆಯ ಮೇಲೆ ಎಸೆದು ಕೈ ಝಾಡಿಸಿಕೊಳ್ಳುತ್ತಿದ್ದ ಸುಲಭದ ಕಾಲ ಸಂದು, ಹುಟ್ಟಿದ ಹಲ್ಲಿಗೆಲ್ಲ ಎಕ್ಸ್‌-ರೇ ತೆಗೆಯುವ ಕಾಲ ತಲೆಯೆತ್ತಿದ್ದ ಈ ಕಲಿಯುಗದಲ್ಲಿ, ಗದಗ-ಬೆಟಗೇರಿಯೆಂಬ ಅವಳಿನಗರದ ಪೇಟೆಯೊಳಗೆ, ಬಿಳಿಯ ಗಾದಿ ಹಾಸಿದ ಒಂದು ಸೀರೆಯಂಗಡಿಯಲ್ಲಿ ವಿರೂಪಾಕ್ಷಪ್ಪ ಲಕ್ಕುಂಡಿ ಎಂಬ ಮಹಾರಥಿಯಿದ್ದನು. ಅಂಗಡಿ ಅವನದಲ್ಲ, ಮಾಲಕರದು. ಆದರೆ ರಣರಂಗ ಅವನದೇ. ಇಳಕಲ್ಲು, ಮೊಳಕಾಲ್ಮೂರು, ಕಂಚಿ, ಬನಾರಸುಗಳೆಂಬ ನಾಲ್ಕು ದಿಕ್ಕಿನ ಸೀರೆಗಳನ್ನು ಒಂದೇ ಕೈಬೀಸಿನಲ್ಲಿ ಹರಡಬಲ್ಲ ವಸನರಾಶಿವಿಸ್ತಾರಣಪಟುವೂ, ಬಾಗಿಲಲ್ಲಿ ಚಪ್ಪಲಿ ಬಿಡುವ ಬಗೆಯಿಂದಲೇ ಕೊಳ್ಳಲು ಬಂದವರಾರು, ಫ್ಯಾನಿನ ಗಾಳಿಗೆ ಬಂದವರಾರು ಎಂದು ತಿಳಿಯಬಲ್ಲ ಗಿರಾಕಿಹೃದಯಾಂತರಂಗವೇದಿಯೂ, ಇಡೀ ದಿನ ನಿಂತು ಸಂಜೆಗೆ ಮೀನಖಂಡ ಕಲ್ಲಾದರೂ ನಗುಮುಖ ಮುಕ್ಕಾಗಗೊಡದ ಸ್ಥಿರಸ್ಮಿತನೂ ಅವನಾಗಿದ್ದನು.

ಚೌಕಾಸಿಯ ಯುದ್ಧದಲ್ಲಿ ಹೆಂಗಸರು ಪ್ರಯೋಗಿಸುವ ಅಸ್ತ್ರಗಳೆಲ್ಲ ಅವನ ಎದೆಯ ಮೇಲೆ ಮುರಿದುಬಿದ್ದವೇ. 'ಇಂಥಾದ್ದ ನಮ್ಮ ಮನ್ಯಾಗ ಎರಡದಾವ' ಎಂಬ ಅವಜ್ಞಾಸ್ತ್ರ. 'ನಾವೇನ್ ಹೊರಗಿನವ್ರೇನ್ರೀ' ಎಂಬ ಬಂಧುತ್ವಾಸ್ತ್ರ. ಬೆಲೆ ಕೇಳಿದ ಮೇಲೆ ಏನೂ ಹೇಳದೆ ಸೀರೆಯ ಅಂಚನ್ನೇ ನೋಡುತ್ತ ಕೂರುವ ಘೋರ ಮೌನಾಸ್ತ್ರ. ಇವೆಲ್ಲಕ್ಕೂ ಮಿಗಿಲಾದದ್ದು ಕಡೆಯದಾದ ನಿರ್ಗಮನಾಸ್ತ್ರ. 'ಆತ್ ಬಿಡ್ರಿ' ಎಂದು ಗಿರಾಕಿ ಎದ್ದು ಬಾಗಿಲ ಕಡೆ ಸಾವಕಾಶವಾಗಿ ನಡೆಯುತ್ತಾಳೆ. ಇದಕ್ಕೆ ಪ್ರತ್ಯಸ್ತ್ರವನ್ನು ಯಾರೂ ಕಂಡುಹಿಡಿದಿಲ್ಲ. ಅವಳ ಕಾಲು ಚಪ್ಪಲಿಗೆ ತಾಗುವ ಮುನ್ನ 'ಬರ್ರಿ ಅಕ್ಕಾರ, ಕುಂಡ್ರಿ, ಹಂಗ್ಯಾಕ ಸಿಟ್ಟಾಗ್ತೀರಿ' ಎಂದು ಕರೆಯಲೇಬೇಕು. ಅದು ವ್ಯಾಪಾರದ ಧರ್ಮ. ಇಂಥ ಸಹಸ್ರ ಬಾಣಗಳನ್ನುಂಡವನಿಗೆ ಬಾಣ ಬಿಡುವುದನ್ನು ಬೇರೆ ಕಲಿಸಬೇಕೆ?

ಇಂತಿಪ್ಪ ವೀರನಿಗೆ ಸಂಪದಾ ಎಂಬ ಒಬ್ಬಳೇ ಮಗಳು, ಏಳನೆಯ ತರಗತಿ. ಅವಳ ಮೇಲ್ದವಡೆಯ ಬಲಭಾಗದಲ್ಲಿ ಒಂದು ಕೋರೆಹಲ್ಲು, ಪಾಲಿನಲ್ಲಿ ತನಗೆ ಜಾಗ ಬಿಡಲಿಲ್ಲವೆಂದು ಮುನಿದು ಕೋಟೆಗೋಡೆಯನ್ನೇರಿ ನಿಂತ ದಾಯಾದಿಯಂತೆ, ತುಟಿಯನ್ನೆತ್ತಿಕೊಂಡು ಹೊರಗೆ ನಿಂತಿತ್ತು. ಅದರ ಪಕ್ಷ ವಹಿಸಿ ಮುಂದಿನ ಹಲ್ಲುಗಳೆರಡು ಭುಜಕ್ಕೆ ಭುಜ ತಿಕ್ಕಿ ಓರೆಯಾಗಿದ್ದವು. ಮೊದಲೆಲ್ಲ ತಾಮ್ರದ ಕೊಡ ಮೆಟ್ಟಿಲ ಮೇಲೆ ಉರುಳಿದ ಹಾಗೆ ನಗುತ್ತಿದ್ದ ಹುಡುಗಿ, ಶಾಲೆಯಲ್ಲಿ ಯಾರೋ ಏನೋ ಅಂದ ಮೇಲೆ, ನಗು ಬಂದಾಗ ಅಂಗೈಯನ್ನು ಬಾಯಿಗೆ ಅಡ್ಡ ಹಿಡಿಯತೊಡಗಿದಳು. ಬರಬರುತ್ತ ಅಂಗೈಗೂ ಕೆಲಸ ಕಡಿಮೆಯಾಯಿತು. ನಗುವೇ ಬರುವುದು ಬಿಟ್ಟಿತ್ತು.

ಅವಳ ತಾಯಿ ಶಶಿಕಲಾ ಮಗಳನ್ನು ದಂತವೈದ್ಯರಿಗೆ ತೋರಿಸಿಕೊಂಡು ಬಂದು ಸುದ್ದಿ ಹೇಳಿದಳು.

"ತಂತಿ ಹಾಕಬೇಕಂತ. ಈಗಾದ್ರ ಹಲ್ಲು ಮಾತ ಕೇಳ್ತಾವ, ತಡಾ ಮಾಡಿದ್ರ ಕಷ್ಟ ಅಂದಾರ. ನಲವತ್ತೆರಡು ಸಾವಿರಂತ್ರಿ."

ಮಾಲಕರು ಕೊಟ್ಟ ದೀಪಾವಳಿಯ ಬೋನಸ್ಸನ್ನೂ ಶಶಿಕಲಾ ಬ್ಲೌಸು ಹೊಲಿದು ಕೂಡಿಸಿದ್ದನ್ನೂ ಕಲೆಹಾಕಿದರೆ ಆ ಮನೆಯ ಭಂಡಾರದಲ್ಲಿ ಮೂವತ್ತು ಸಾವಿರವಿತ್ತು. ಉಳಿದದ್ದಕ್ಕೆ ಇನ್ನೊಂದು ದೀಪಾವಳಿ ಬರಬೇಕು. ಹಲ್ಲು ಅಲ್ಲಿಯವರೆಗೆ ಕಾಯುವ ಪೈಕಿಯದಲ್ಲ.

"ಉಳಿದದ್ದು ತಿಂಗಳಾ ತಿಂಗಳಾ ಸ್ವಲ್ಪ ಸ್ವಲ್ಪ ಕೊಡ್ತೀವಿ ಅಂತ ಕೇಳ್ರಿ," ಎಂದಳು ಶಶಿಕಲಾ. "ಕೇಳಿದ್ರ ಬಾಯಿ ಸವೀತೈತೇನು?"

ಆಗ, ಮಳೆಗಾಲದ ಮೊದಲ ಗುಡುಗಿಗೆ ಎಚ್ಚೆತ್ತ ಮದ್ದಾನೆಯಂತೆ ಮಗ್ಗುಲಾಗಿ, ಎಡಗೈಯಲ್ಲಿದ್ದ ರೊಟ್ಟಿಯ ಚೂರನ್ನು ತಾಟಿನಲ್ಲಿಟ್ಟು ವಿರೂಪಾಕ್ಷಪ್ಪನು ಗರ್ಜಿಸಿದನು:

"ಕೇಳಿಲ್ಲೆ. ಉದ್ರಿ ಕೇಳಾಕ ಬಂದವ್ರನ್ನ ಎಷ್ಟ್ ವರ್ಷದಿಂದ ಬಾಗಲದಾಗ ನಿಂದರಿಸಿ ಹೊಳ್ಳಿ ಕಳಿಸೀನಿ ನಾನು. ನನ್ನ ಬಾಯಾಗ ಆ ಮಾತ ಬರೂದಿಲ್ಲ. ನಾ ಹೋಗಿ ಎದುರಿಗೆ ಕುಂತ್ನೆಂದ್ರ ರೇಟು ತಾನ ಇಳೀಬೇಕು. ಸೂರತ್ತಿನ ಏಜೆಂಟ ನನ್ನ ಮುಂದ ಬೆವರು ಒರಸಿಕೊಂಡಾನ. ಬನಾರಸ್ಸಿನ ಸೇಠ ಹಲ್ಲು ಕಡದಾನ. ಹಲ್ಲಿನ ಡಾಕ್ಟರು ಎಷ್ಟರವ್ರು?"

"ಅವ್ರ ಕೈಯಾಗ ಡ್ರಿಲ್ ಮಶೀನ್ ಐತಿ, ನೆನಪಿರ್ಲಿ," ಎಂದು ಶಶಿಕಲಾ ಬ್ಲೌಸಿಗೆ ಹುಕ್ಕು ಹಚ್ಚುವುದನ್ನು ಮುಂದುವರಿಸಿದಳು.

ಅಂಗಡಿಗೆ ರಜೆಯಿದ್ದ ಒಂದು ಮುಂಜಾನೆ, ವಿಭೂತಿಯನ್ನು ದಟ್ಟವಾಗಿ ಧರಿಸಿ, ಇಸ್ತ್ರಿಯ ಅಂಗಿಯ ಒಳಜೇಬಿನಲ್ಲಿ ಮೂವತ್ತು ಸಾವಿರವೆಂಬ ಅಕ್ಷೌಹಿಣಿಯನ್ನು ಅಡಗಿಸಿ, ಕಿಕ್ ಹೊಡೆದಷ್ಟೂ ಕೆಮ್ಮಿ ಕಡೆಗೊಮ್ಮೆ ಪ್ರಸನ್ನವಾಗುವ ಮೊಪೆಡ್ಡೆಂಬ ರಥವನ್ನೇರಿ, ಹಿಂದೆ ಮಗಳನ್ನು ಕೂರಿಸಿಕೊಂಡು ವೀರನು ಹೊರಟನು. ಹಲ್ಲಿನ ದವಾಖಾನೆಯ ಬಾಗಿಲು ತೆರೆಯುವ ಹೊತ್ತಿಗೇ ಅಲ್ಲಿರಬೇಕೆಂಬುದು ಅವನ ವ್ಯೂಹ. ದಿನದ ಮೊದಲ ಗಿರಾಕಿಯನ್ನು, ಅಂದರೆ ಬೋಣಿಗೆಯವರನ್ನು, ಬರಿಗೈಯಲ್ಲಿ ಕಳಿಸುವ ಎದೆಗಾರಿಕೆ ಭೂಮಂಡಲದ ಯಾವ ವ್ಯಾಪಾರಿಗೂ ಇಲ್ಲವೆಂದು ಅವನು ಬಲ್ಲನು.

"ನಾವ ಇವತ್ತಿನ ಬೋಣಿಗಿ ಏನ್ರಿ?" ಎಂದು ಅವನು ಕೌಂಟರಿನಲ್ಲಿದ್ದ ಕಮಲಾಕ್ಷಿಯನ್ನು ಕೇಳಿದನು.

"ಬೋಣಿಗಿ ಅಲ್ರಿ ಅಣ್ಣಾರ, ಟೋಕನ್ ಒಂದು," ಎಂದು ಅವಳು ಪ್ಲಾಸ್ಟಿಕ್ ಬಿಲ್ಲೆಯೊಂದನ್ನು ಅವನ ಕೈಗಿತ್ತಳು.

ಒಳಗೆ, ಗುಂಡಿ ಒತ್ತಿದರೆ ಏರುವ ಇಳಿಯುವ ಹಸಿರು ಸಿಂಹಾಸನದ ಮೇಲೆ ಸಂಪದಾ ಕುಳಿತಳು. ಅವಳ ಪಕ್ಕದಲ್ಲಿ, ಮೂಗುಬಾಯಿಗಳಿಗೆ ಮಾಸ್ಕಿನ ಕವಚ, ಕೈಗಳಿಗೆ ನೀಲಿ ರಬ್ಬರಿನ ಅಂಗುಲಿತ್ರಾಣ, ಹಣೆಯ ಮೇಲೆ ದೀಪವನ್ನು ಧರಿಸಿ, ವಕ್ರದಂತದರ್ಪದಲನಿಯೂ ದವಡೆದುರ್ಗಭೇದಿನಿಯೂ ಆದ ಡಾಕ್ಟರ್ ವೈಜಯಂತಿ ಮುಂಡರಗಿ ನಿಂತಿದ್ದರು. ಅವರು ಮಾತಿಗೆ ಮೊದಲು ಒಂದು ತಟ್ಟೆಯನ್ನು ವಿರೂಪಾಕ್ಷಪ್ಪನ ಮುಂದೆ ಹಿಡಿದರು. ತಟ್ಟೆಯಲ್ಲಿ ಪ್ಲಾಸ್ಟರಿನ ಮೂರು ದವಡೆಗಳು ಹಲ್ಲು ಕಿರಿಯುತ್ತಿದ್ದವು.

"ಇದು ಹಾಕಿದ್ದ ಗೊತ್ತಾಗಂಗಿಲ್ರಿ, ಪಾರದರ್ಶಕ. ಲಕ್ಷದ ಮ್ಯಾಲ ಹೋಗ್ತೈತಿ. ಇದು ಹಲ್ಲಿನ ಬಣ್ಣದ್ದು, ಅರವತ್ತು ಸಾವಿರ. ಇದು ಸ್ಟೀಲಿಂದು, ನಲವತ್ತೆರಡು."

ವಿರೂಪಾಕ್ಷಪ್ಪನ ಎದೆ ಝಲ್ಲೆಂದಿತು. ದರಕ್ಕಲ್ಲ, ಕ್ರಮಕ್ಕೆ. ಮದುವೆಯ ಜವಳಿಗೆ ಬಂದವರ ಮುಂದೆ ಮೊದಲು ಮೇಲಿನ ಕಪಾಟಿನ ಅತಿ ತುಟ್ಟಿಯ ಸೀರೆಯನ್ನು ಹಾಸಿ, ಅವರ ಮುಖ ಬಾಡಿದ್ದನ್ನು ನೋಡಿಕೊಂಡು ಕೆಳಗಿನ ಕಪಾಟಿಗೆ ಇಳಿಯುವುದು ಅವನದೇ ವಿದ್ಯೆ. ಆಗ ಕೆಳಗಿನದು ಅಗ್ಗವೆನಿಸಿ ಗಿರಾಕಿ ತಾನೇ ಕೈಚಾಚುತ್ತಾನೆ. ಎದುರಿಗಿರುವವರು ಶಾಸ್ತ್ರ ಬಲ್ಲವರೆಂದು ಅರಿತು ಅವನು ಮನಸ್ಸಿನಲ್ಲೇ ನಮಿಸಿ, ಅಸ್ತ್ರವನ್ನೆತ್ತಿಕೊಂಡನು.

"ಡಾಕ್ಟರ, ಹಳೇ ಸ್ಟಾಕು ಇದ್ರ ತಗೀರಿ. ಸ್ವಲ್ಪ ಡ್ಯಾಮೇಜ್ ಇದ್ರೂ ನಡೀತೈತಿ. ಬಾಯಾಗ ಯಾರ ಇಣಿಕಿ ನೋಡ್ತಾರ?"

"ಹಳೇದು ಅಂದ್ರ ಮತ್ತೊಬ್ರ ಬಾಯಾಗಿಂದ ಬಿಚ್ಚಿ ತರಬೇಕಾಗ್ತೈತ್ರಿ."

ಸಿಂಹಾಸನದಿಂದ ಗಂಟಲಲ್ಲೇ ಸಿಕ್ಕಿಬಿದ್ದಂಥ ಒಂದು ಸದ್ದು ಬಂತು. ವಿರೂಪಾಕ್ಷಪ್ಪ ತಿರುಗಿ ನೋಡುವಷ್ಟರಲ್ಲಿ ಸಂಪದಾಳ ಅಂಗೈ ಬಾಯಿಯನ್ನು ಮುಚ್ಚಿಯಾಗಿತ್ತು.

"ಹಂಗಾದ್ರ ಮ್ಯಾಲಿನ ಸಾಲಷ್ಟ ಮಾಡ್ರಿ," ಎಂದನು ವೀರನು ಎರಡನೆಯ ಬಾಣವನ್ನು ಹೂಡುತ್ತ. "ಕೆಳಗಿಂದು ತುಟಿಯಾಗ ಮುಚ್ಚಿ ಹೋಗ್ತೈತಿ. ಸೀರಿಗೆ ಸೆರಗು ಚಂದಿದ್ರ ಮುಗೀತು, ಒಳಗಿನ ಮಡಿಕಿ ಯಾರಿಗೆ ಕಾಣ್ತೈತಿ. ಅರ್ಧಾ ಸಾಲು, ಅರ್ಧಾ ರೇಟು."

"ಜಿಪ್ಪಿಗೆ ಒಂದ ಕಡೆ ಹಲ್ಲಿದ್ದು ಇನ್ನೊಂದು ಕಡೆ ಇಲ್ಲಂದ್ರ ಲಂಗಾ ನಿಂದರ್ತೈತೇನ್ರಿ ಲಕ್ಕುಂಡಿಯವ್ರ? ಮ್ಯಾಲಿಂದು ಕೆಳಗಿಂದು ಒಂದಕ್ಕೊಂದು ಕೂಡಬೇಕು."

ತನ್ನದೇ ಕಸುಬಿನ ಭಾಷೆಯಲ್ಲಿ ಬಂದು ನಾಟಿದ ಈ ಬಾಣಕ್ಕೆ ವೀರನು ಕ್ಷಣಕಾಲ ಮೂರ್ಛೆ ಹೋದಂತಾಗಿ, ಚೇತರಿಸಿಕೊಂಡು, ಸ್ವರವನ್ನು ಜೇನಿನಲ್ಲಿ ಅದ್ದಿದನು.

"ನೋಡ್ರಿ, ನೀವು ಮುಂಡರಗಿಯವ್ರು. ನಮ್ಮ ಮನಿಯವ್ರ ತಂಗೀನ್ನ ಕೊಟ್ಟದ್ದೂ ಮುಂಡರಗಿಗೇ. ಹಂಗ ನೋಡಿದ್ರ ನಾವೂ ನೀವೂ—"

"ನನ್ನ ಅಡ್ಡಹೆಸರಷ್ಟ ಮುಂಡರಗಿ ರೀ. ಹುಟ್ಟಿ ಬೆಳದದ್ದೆಲ್ಲಾ ಬಾಗಲಕೋಟಿ."

ಮೌನಾಸ್ತ್ರವೊಂದು ಉಳಿದಿತ್ತು. ವಿರೂಪಾಕ್ಷಪ್ಪ ಸುಮ್ಮನೆ ಪ್ಲಾಸ್ಟರಿನ ದವಡೆಯನ್ನೇ ನೋಡುತ್ತ ಕುಳಿತನು. ಆದರೆ ದಿನವಿಡೀ ಬಾಯಿ ತೆರೆದ ಮೂಕರ ನಡುವೆ ಕೆಲಸ ಮಾಡುವವರಿಗೆ ಮೌನದಿಂದ ಆಗುವುದೇನಿದೆ? ಡಾಕ್ಟರು ಆ ಹೊತ್ತಿನಲ್ಲಿ ಕನ್ನಡಿಯ ಕಡ್ಡಿಯೊಂದನ್ನು ಒರೆಸಿಟ್ಟರು, ಇನ್ನೊಂದನ್ನು ಕೈಗೆತ್ತಿಕೊಂಡರು.

"ಮೂವತ್ತು ಮಾಡ್ರಿ, ಈಗ ಎಣಿಸಿ ಕೊಡ್ತೀನಿ."

"ಬರೂದಿಲ್ರಿ."

ಆಗ ದಿಕ್ಕುಗಳು ಸ್ತಬ್ಧವಾದವು. ಕಂಪ್ರೆಸರಿನ ಗುರುಗುಟ್ಟುವಿಕೆ ನಿಂತಿತು. ಯಾವುದನ್ನು ಹೂಡಿದ ಮೇಲೆ ಬೆಲೆ ಇಳಿಯದೆ ಇರುವುದಿಲ್ಲವೋ, ಅಂಥ ನಿರ್ಗಮನಾಸ್ತ್ರವನ್ನು ವಿರೂಪಾಕ್ಷಪ್ಪನು ಸ್ಮರಿಸಿ, "ಆತ್ ಬಿಡ್ರಿ, ನೋಡೂಣು," ಎಂದು ಮಂತ್ರೋಚ್ಚಾರ ಮಾಡಿ ಎದ್ದು ನಿಂತನು. "ಬಾರವಾ ಸಂಪಿ."

ಸಂಪದಾ ಸಿಂಹಾಸನದಿಂದಿಳಿದಳು. ತಂದೆಮಗಳು ಬಾಗಿಲಿನತ್ತ ನಡೆದರು. ಆ ನಡಿಗೆಯ ಲಕ್ಷಣವನ್ನು ಹೇಳಬೇಕು: ಹೋಗುತ್ತಿರುವಂತೆ ಕಾಣಬೇಕು, ಹೋಗಬಾರದು, ಬೆನ್ನಿಗೂ ಕಿವಿಗಳಿರಬೇಕು. ವಿರೂಪಾಕ್ಷಪ್ಪ ಅದನ್ನು ಲೋಪವಿಲ್ಲದೆ ನಡೆದನು. ಗೋಡೆಗೆ ತೂಗುಹಾಕಿದ ಬಾಚಿಹಲ್ಲಿನ ಚಿತ್ರದ ಮುಂದೆ ತುಸು ನಿಂತನು. ಕೌಂಟರನ್ನು ದಾಟಿದನು. ಯಾರೂ ಕರೆಯಲಿಲ್ಲ. ಹೊಸ್ತಿಲ ಹೊರಗೆ ಚಪ್ಪಲಿಗಳು ಕಾದಿದ್ದವು. ಬಲಗಾಲಿನ ಚಪ್ಪಲಿಯ ಪಟ್ಟಿ ಹಾಕಿದನು, ಬಿಚ್ಚಿದನು, ಮತ್ತೆ ಹಾಕಿದನು. ಆಗ ಒಳಗಿನಿಂದ ಕಮಲಾಕ್ಷಿಯ ಕಂಠ ಮೊಳಗಿತು. ವೀರನ ಮುಖವರಳಿತು. ಬಂದೇ ಬಂತು ಕರೆ.

"ಟೋಕನ್ ಎರಡು, ಯಾರ್ರಿ?"

ಒಬ್ಬ ಮುದುಕ ಗದ್ದ ಹಿಡಿದುಕೊಂಡು ಒಳಗೆ ಹೋದನು.

"ಅಪ್ಪಾ, ಖರೇನ ಹೊಂಟೇವಿ?" ಎಂದಳು ಸಂಪದಾ.

"ಸಾವಕಾಶ ನಡಿಯವಾ."

ಅವಳು ನಡೆಯಲಿಲ್ಲ. ಒಂದು ಗಳಿಗೆ ತನ್ನ ಕಾಲಿನ ಬೆರಳುಗಳನ್ನು ನೋಡಿಕೊಂಡಳು. ಆಮೇಲೆ ದೊಡ್ಡವರು ಹೇಳುವ ಧಾಟಿಯಲ್ಲಿ ಹೇಳಿದಳು, "ಇರ್ಲಿ ಬಿಡಪ್ಪಾ. ನನಗ ಬ್ಯಾಡ ಅದು. ಹಿಂಗಿದ್ರೂ ನಡೀತೈತಿ." ಅವಳಿಗೆ ನಗುವೇನೂ ಬಂದಿರಲಿಲ್ಲ. ಆದರೂ ಅಂಗೈ ಬಾಯಿಗೆ ಅಡ್ಡ ಹೋಗಿತ್ತು.

ಅಸ್ತ್ರವಿದ್ಯೆಯ ಸಮಸ್ತ ರಹಸ್ಯವನ್ನೂ ಬಲ್ಲ ವಿರೂಪಾಕ್ಷಪ್ಪನಿಗೆ ಆ ಕ್ಷಣ ನೆನಪಾದದ್ದು ಅಂಗಡಿ. ತಾಯಂದಿರು 'ಆತ್ ಬಿಡ್ರಿ' ಎಂದು ಎದ್ದಾಗ, ಅವರ ಕೈಹಿಡಿದ ಮಕ್ಕಳು ಗಾದಿಯ ಮೇಲೆ ಹರಡಿದ್ದ ಲಂಗದ ಬಟ್ಟೆಯನ್ನು ಹಿಂದಿರುಗಿ ಹಿಂದಿರುಗಿ ನೋಡುತ್ತ ಹೋಗುತ್ತವೆ. ಇದು ಬರೀ ಆಟವೆಂದು ಮಕ್ಕಳಿಗೆ ಯಾರೂ ಹೇಳಿರುವುದಿಲ್ಲ. ಅವನೂ ಹೇಳಿರಲಿಲ್ಲ.

ಇನ್ನು ಮುಂದಿನದನ್ನು ವರ್ಣಿಸಲು ನಮ್ಮ ನಾಲಿಗೆ ತಡವರಿಸುತ್ತದೆ. ಎದ್ದುಹೋದ ಗಿರಾಕಿ ಯಾರೂ ಕರೆಯದೆ ತಾನಾಗಿಯೇ ಹಿಂತಿರುಗುವುದಕ್ಕಿಂತ ಘೋರವಾದ ಮಾನಭಂಗ ವ್ಯಾಪಾರದ ಇತಿಹಾಸದಲ್ಲಿಲ್ಲ. ಅಂಥವರು ಬಂದಾಗ ವಿರೂಪಾಕ್ಷಪ್ಪ ಎಂದೂ ನಗುತ್ತಿರಲಿಲ್ಲ, ಆದರೆ ನಗುತ್ತಿಲ್ಲವೆಂಬುದು ಅವರಿಗೆ ಗೊತ್ತಾಗುವಂತೆ ನೋಡಿಕೊಳ್ಳುತ್ತಿದ್ದನು. ಅಂಥವರು ಒಂದು ನೆಪವನ್ನೂ ಹೊತ್ತು ತರುತ್ತಾರೆ. ಛತ್ರಿ ಮರೆತೆವೆಂದೋ, ಬೇರೆ ಬಣ್ಣವಿದೆಯೇ ಕೇಳುವುದು ಬಿಟ್ಟುಹೋಯಿತೆಂದೋ. ಅವನ ಕೈಯಲ್ಲಿ ಛತ್ರಿ ಇರಲಿಲ್ಲ. ಚಪ್ಪಲಿಯನ್ನು ಕಳಚಿ, ಮಗಳ ಕೈಹಿಡಿದು, ಬಾಚಿಹಲ್ಲಿನ ಚಿತ್ರವನ್ನು ನೋಡದೆ ದಾಟಿ, ಮುದುಕನ ದವಡೆಯ ಮೇಲೆ ಬಾಗಿದ್ದ ಡಾಕ್ಟರ ಮುಂದೆ ನಿಂತು ಅವನು ಹೇಳಿದನು:

"ಬಣ್ಣ ಯಾವ್ಯಾವ ಅದಾವ ಅಂತ ಕೇಳೂದ ಮರತಿದ್ವಿ ನೋಡ್ರಿ."

ಡಾಕ್ಟರು ತಲೆಯೆತ್ತಿದರು. ಅವರು ನಗಲಿಲ್ಲ. ನಗುತ್ತಿಲ್ಲವೆಂದು ತೋರಿಸಿಕೊಳ್ಳಲೂ ಇಲ್ಲ. ಮುದುಕನ ಬಾಯಿಗೆ ಹತ್ತಿಯ ಉಂಡೆಯನ್ನಿಟ್ಟು, "ಕಚ್ಚಿ ಹಿಡೀರಿ ಅಜ್ಜಾರ," ಎಂದು ಮೇಜಿನ ಖಾನೆಯನ್ನು ಎಳೆದರು. ಒಳಗೆ, ತಂತಿಯನ್ನು ಹಲ್ಲಿಗೆ ಹಿಡಿದಿಡುವ ಪುಟ್ಟ ಪುಟ್ಟ ರಬ್ಬರ್ ಉಂಗುರಗಳು, ನೀಲಿ, ಗುಲಾಬಿ, ನೇರಳೆ, ಹಸಿರು, ಎಳೆಗಳಲ್ಲಿ ಪೋಣಿಸಿದಂತೆ ಮಲಗಿದ್ದವು.

"ಅದಾವ್ರಿ. ನೋಡವಾ, ನಿನಗ ಯಾವುದು ಬೇಕು? ತಿಂಗಳಿಗೊಮ್ಮೆ ಬದಲಿ ಮಾಡಬಹುದು."

ಸಂಪದಾ ಬಗ್ಗಿದಳು. ಅವಳ ಎರಡೂ ಕೈ ಖಾನೆಯ ಅಂಚನ್ನು ಹಿಡಿದಿದ್ದವು. ವಿರೂಪಾಕ್ಷಪ್ಪನ ದೇಹವು ಅಭ್ಯಾಸಬಲದಿಂದ ತಾನೇ ಮುಂದೆ ಬಾಗಿ, ಕೈ ಒಂದು ಎಳೆಯನ್ನೆತ್ತಿ ಬೆಳಕಿಗೆ ಹಿಡಿಯಿತು.

"ಈ ರಾಮಾ ಗ್ರೀನ್ ತಗೋರಿ ಅಕ್ಕಾರ, ಮೈಬಣ್ಣಕ್ಕ ಎದ್ದ ಕಾಣ್ತೈತಿ. ಒಗದ್ರೂ ಬಣ್ಣ ಬಿಡಂಗಿಲ್ಲ, ಗ್ಯಾರಂಟಿ ನಂದು."

"ಅಪ್ಪಾ, ಸುಮ್ನಿರು," ಎಂದಳು ಸಂಪದಾ. "ನೇರಳೆ."

ಬಣ್ಣ ಗೊತ್ತಾಯಿತು. ಬೆಲೆಯೊಂದು ಉಳಿಯಿತು. ಎಷ್ಟು ತಲೆಮಾರುಗಳಿಂದಲೋ ಬಾಯಿಂದ ಹೊರಬೀಳದೆ ಕುಳಿತಿದ್ದ ಆ ಒಂದು ಮಾತನ್ನು, ಬಾವಿಗೆ ಬಿದ್ದ ಕೊಡವನ್ನು ಪಾತಾಳಗರಡಿಯಿಂದ ಎಳೆಯುವವನ ಹಾಗೆ, ವಿರೂಪಾಕ್ಷಪ್ಪ ಒಳಗಿನಿಂದ ಮೇಲಕ್ಕೆಳೆಯತೊಡಗಿದನು. ಹಣೆಯ ವಿಭೂತಿ ಬೆವರಿಗೆ ಕರಗಿತು. ತುಟಿ ಮುಂದೆ ಬಂತು.

"ಡಾಕ್ಟರ, ಉ... ಉ..."

"ಉಗುಳಬೇಕೇನ್ರಿ? ಅಲ್ಲೇ ಬೇಸಿನ್ ಐತಿ ನೋಡ್ರಿ."

"ಉದ್ರಿ," ಎಂದುಬಿಟ್ಟನು ವಿರೂಪಾಕ್ಷಪ್ಪ. ಸಿಂಹಾಸನದ ಮೇಲಿದ್ದ ಮುದುಕ ಹತ್ತಿ ಕಚ್ಚಿಕೊಂಡೇ ಅವನತ್ತ ತಿರುಗಿದನು. "ನನ್ನ ಕಡೆ ಮೂವತ್ತು ಐತ್ರಿ. ಉಳಿದದ್ದು ತಿಂಗಳಾ ತಿಂಗಳಾ ತಂದ ಕೊಡ್ತೀನಿ. ಹುಡುಗಿ ಹಲ್ಲು ಮಾತ್ರ ಈಗ ಆಗಬೇಕು."

ಡಾಕ್ಟರು ಮಾಸ್ಕನ್ನು ಗದ್ದಕ್ಕಿಳಿಸಿದರು. ಮೊದಲ ಬಾರಿ ಅವರ ಪೂರ್ತಿ ಮುಖ ಕಂಡಿತು.

"ಅದಕ್ಕ ಕಂತು ಅಂತಾರ್ರಿ. ಮೂವತ್ತೂ ಬ್ಯಾಡ ಈಗ. ಇವತ್ತ ಎಂಟು ಸಾವಿರ ಕಟ್ರಿ, ಆಮ್ಯಾಲ ತಂತಿ ಬಿಗಿ ಮಾಡಿಸಾಕ ಬಂದಾಗೊಮ್ಮೆ ಎರಡೆರಡು. ಎಲ್ಲಾರೂ ಕೊಡೂದ ಹಂಗ. ಕೌಂಟರ್ ಮ್ಯಾಲ ಬರದ ಹಚ್ಚೀವಲ್ರಿ."

ವಿರೂಪಾಕ್ಷಪ್ಪ ತಿರುಗಿ ನೋಡಿದನು. ಕಮಲಾಕ್ಷಿಯ ತಲೆಯ ಮೇಲೆ, ಕೆಂಪು ಅಕ್ಷರಗಳಲ್ಲಿ, 'ಕಂತುಗಳಲ್ಲಿ ಪಾವತಿಸುವ ಅನುಕೂಲವಿದೆ' ಎಂಬ ಫಲಕ ತೂಗುತ್ತಿತ್ತು. ಊರಿನ ಸಮಸ್ತ ಹೆಂಗಸರ ಚಪ್ಪಲಿಗಳನ್ನು ಓದಬಲ್ಲ ಗಿರಾಕಿಹೃದಯಾಂತರಂಗವೇದಿಯು ಅದರ ಕೆಳಗಿಂದಲೇ ಮೂರು ಸಲ ಹಾದುಹೋಗಿದ್ದನು.

"ಅದನ್ನ ಮೊದಲ ಹೇಳಬಾರದೇನ್ರಿ?"

"ನೀವು ಹೇಳಗೊಟ್ರೇನು? ಹಳೇ ಸ್ಟಾಕು, ಅರ್ಧಾ ಸಾಲು, ಮುಂಡರಗಿ ಅಂತ ನಡಸಿದ್ರಿ."

ಇನ್ನು, ಯಾವ ಮಹಾಕಾರ್ಯಕ್ಕಾಗಿ ಇಷ್ಟೆಲ್ಲ ಅಸ್ತ್ರಗಳು ಹಾರಿದವೋ ಆ ಕಾ​ರ್ಯವಾದರೂ ಅಂದು ನಡೆಯಿತೆ ಎಂದರೆ, ಇಲ್ಲ. ತಂತಿ ಹಾಕುವುದು ಮುಂದಿನ ವಾರ. ಅಂದು ಬರೀ ಅಚ್ಚು ತೆಗೆಯುವುದು. ಮುದುಕ ಇಳಿದ ಮೇಲೆ ಡಾಕ್ಟರು ಗುಲಾಬಿ ಬಣ್ಣದ ಹಿಟ್ಟಿನಂಥದೊಂದನ್ನು ಬಟ್ಟಲಲ್ಲಿ ಕಲಸಿ, ತಟ್ಟೆಯೊಂದರಲ್ಲಿ ತುಂಬಿ ಸಂಪದಾಳ ಬಾಯೊಳಗೆ ಒತ್ತಿ ಹಿಡಿದರು. ಅವಳು ಕಣ್ಣಗಲಿಸಿ ತಂದೆಯ ತೋರುಬೆರಳನ್ನು ಹಿಡಿದು ಕುಳಿತಳು. ಹಿಟ್ಟು ಗಟ್ಟಿಯಾಯಿತು, ತಟ್ಟೆ ಹೊರಬಂತು, ಅದರಲ್ಲಿ ಆ ದಾಯಾದಿ ಕೋರೆಹಲ್ಲು ಬರೀ ಒಂದು ತಗ್ಗಾಗಿ ಬಿದ್ದಿತ್ತು. ಹೊರಡುವಾಗ ಕಮಲಾಕ್ಷಿ ಎಲ್ಲರಿಗೂ ಕೊಡುವಂತೆ ಅವರಿಗೂ ಒಂದು ಸಣ್ಣ ಬ್ರಷ್ಷನ್ನು ಕೊಟ್ಟಳು. ಯುದ್ಧಲಬ್ಧವಾದ ಸಂಪತ್ತು ಅಷ್ಟೇ.

ಮನೆಯ ಬಾಗಿಲಲ್ಲಿ ಶಶಿಕಲಾ ನಿಂತಿದ್ದಳು.

"ಎಷ್ಟಕ್ಕ ಇಳಿಸಿದ್ರಿ?"

"ಅವ್ರಿಗೂ ವಿದ್ಯಾ ಬರ್ತೈತಿ," ಎಂದನು ವಿರೂಪಾಕ್ಷಪ್ಪ, ಮೊಪೆಡ್ಡಿಗೆ ಸ್ಟ್ಯಾಂಡು ಹಾಕುತ್ತ.

"ಅಂದ್ರ ಇಳೀಲಿಲ್ಲ."

"ಕಂತು ಅಂತ ಒಂದ ಪದ್ಧತಿ ಐತಿ. ಅದನ್ನ ಮಾಡಿಸಿಕೊಂಡ ಬಂದೀನಿ."

"ನಾ ಹೇಳಿದ್ದೂ ಅದನ್ನ ಅಲ್ಲೇನು?"

"ನೀ ಹೇಳಿದ್ದು ಉದ್ರಿ."

"ಆ ಶಬ್ದಾ ತಗದವ್ರು ನೀವು. ನಾ ಅಲ್ಲ," ಎನ್ನುವಷ್ಟರಲ್ಲಿ ಸಂಪದಾ ಇಬ್ಬರ ನಡುವೆ ನುಗ್ಗಿ, ತಾಯಿಯ ಮುಖದ ಹತ್ತಿರ ಮುಖ ತಂದಳು.

"ಅವ್ವಾ, ಇಲ್ಲೆ ನೋಡು. ಸ್ಟ್ರಾಬೆರಿ ವಾಸನಿ ಬರ್ತೈತಿ. ಅಪ್ಪ ಡಾಕ್ಟರ ಮುಂದ ಉ, ಉ ಅಂದ, ಅವ್ರು ಉಗುಳ್ರಿ ಅಂದ್ರು..." ಮುಂದೆ ಹೇಳಲಾಗಲಿಲ್ಲ. ನಡುಹಗಲಿನ ಬಿಸಿಲು ನೇರವಾಗಿ ಬೀಳುವಂತೆ ಬಾಯಿ ತೆರೆದುಕೊಂಡಿತು. ಮೇಲಿನ ಸಾಲು, ಕೆಳಗಿನ ಸಾಲು, ಗೋಡೆಯೇರಿ ನಿಂತ ಕೋರೆಹಲ್ಲು, ಭುಜ ತಿಕ್ಕುವ ಜೋಡಿ, ಎಲ್ಲವೂ ದವಡೆಹಲ್ಲಿನವರೆಗೆ ಬಯಲಾದವು. ಪಕ್ಕದ ಮನೆಯವರು ಕಿಟಕಿಯಿಂದ ಇಣುಕುವ ಹಾಗೆ ಸದ್ದು ಎದ್ದಿತು. ಅವಳ ಎರಡೂ ಕೈಗಳು ತಾಯಿಯ ಭುಜದ ಮೇಲಿದ್ದವು.

ಶಶಿಕಲಾ ಮಗಳ ಗದ್ದ ಹಿಡಿದು ಬಹಳ ಹೊತ್ತು ಒಳಗೆ ನೋಡಿದಳು.

"ಹಿಟ್ಟು ಹತ್ತೈತಿ," ಎಂದಳು. "ಹೋಗಿ ಬಾಯಿ ಮುಕ್ಕಳಸು."